5 ಟನ್ ಇಒಟಿ ಕ್ರೇನ್, ಗೂಡ್ಸ್ ಲಿಫ್ಟ್, ಸ್ಲಿಂಗ್‌ಗಳ ಸರ್ಟಿಫಿಕೇಟ್ ರಿನ್ಯೂವಲ್: ಪರೀಕ್ಷೆಗೆ ಮುಂಚೆ ಏನೇನು ಸಿದ್ಧ ಇರಬೇಕು?

ವಸಂತನರಸಾಪುರ_ಫ್ಯಾಬ್

ಎಲ್ಲರಿಗೂ ನಮಸ್ಕಾರ. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿರುವ ಫ್ಯಾಬ್ರಿಕೇಶನ್ ಘಟಕದ ವಿಷಯ. ಎತ್ತುವ ಸಲಕರಣೆಗಳ ಸರ್ಟಿಫಿಕೇಟ್ ಅವಧಿ ಮುಂದಿನ ತಿಂಗಳ ಕೊನೆಗೆ ಮುಗಿಯುತ್ತದೆ. ನಮ್ಮಲ್ಲಿರುವುದು: 5 ಟನ್ ಡಬಲ್ ಗರ್ಡರ್ (ಎರಡು ಅಡ್ಡತೊಲೆಗಳ) ಇಒಟಿ ಕ್ರೇನ್, ಅಂದರೆ ಮೇಲಿನ ಹಳಿಗಳ ಮೇಲೆ ಓಡುವ ವಿದ್ಯುತ್ ಕ್ರೇನ್, ಒಂದು (ಸ್ಪ್ಯಾನ್, ಅಂದರೆ ಹಳಿಗಳ ನಡುವಿನ ಅಂತರ, 15 ಮೀಟರ್, 12 ಮಿ.ಮೀ. ವೈರ್ ರೋಪ್, 4 ಫಾಲ್, ಅಂದರೆ ಹುಕ್ ಬ್ಲಾಕ್ ಹೊರುವ ರೋಪ್ ಸಾಲುಗಳು ನಾಲ್ಕು), 1 ಟನ್ ಜಿಬ್ ಕ್ರೇನ್ (ತಿರುಗುವ ತೋಳಿನದು), ಮೂರು ಚೈನ್ ಬ್ಲಾಕ್, ಸ್ಟೋರ್‌ನ ಮೇಲಂತಸ್ತಿಗೆ 1 ಟನ್ ಗೂಡ್ಸ್ ಲಿಫ್ಟ್, 3 ಟನ್ ಫೋರ್ಕ್‌ಲಿಫ್ಟ್, ಜೊತೆಗೆ ಭಾರವನ್ನು ಹುಕ್ಕಿಗೆ ಕಟ್ಟುವ ವೈರ್ ರೋಪ್ ಸ್ಲಿಂಗ್, ಬೆಲ್ಟ್, ಡಿ ಶ್ಯಾಕಲ್ (ಪಿನ್ ಹಾಕುವ ಕೊಂಡಿ) ಎಲ್ಲ ಸೇರಿ ಒಂದು ರಾಶಿ.

ಕೇಳಬೇಕಿರುವುದು:

ಇವೆಲ್ಲಕ್ಕೂ ಒಬ್ಬರೇ ಕಾಂಪಿಟೆಂಟ್ ಪರ್ಸನ್ (ಇಲಾಖೆ ಮಾನ್ಯತೆ ಕೊಟ್ಟ ಪರೀಕ್ಷಕರು) ಸಹಿ ಹಾಕಬಹುದೇ? ಕ್ರೇನ್‌ನ ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ನೋಡಿಕೊಳ್ಳುವವರು "ನಾವೇ ಸರ್ಟಿಫಿಕೇಟ್ ಕೊಡುತ್ತೇವೆ" ಎನ್ನುತ್ತಿದ್ದಾರೆ, ಅದು ನಡೆಯುತ್ತದೆಯೇ?

ಪ್ರತಿ ವರ್ಷವೂ 125% ಲೋಡ್ ಟೆಸ್ಟ್ (ಸಾಮರ್ಥ್ಯದ ಒಂದೂಕಾಲು ಪಟ್ಟು ಭಾರ ಎತ್ತಿ ನೋಡುವುದು) ಮಾಡಲೇಬೇಕೇ?

ಇಒಟಿಯ ಹುಕ್ಕಿನ ಬಾಯಿ ಅಗಲ ಆದಂತೆ ಕಾಣುತ್ತದೆ. ಈಗ ಅಳೆದರೆ 54 ಮಿ.ಮೀ. ಇದೆ. ರೋಪ್ 11.2 ಮಿ.ಮೀ. ಬರುತ್ತಿದೆ. ಇಷ್ಟಿದ್ದರೆ ಪಾಸ್ ಆಗುತ್ತದೆಯೇ?

ಸ್ಲಿಂಗ್‌ಗಳಲ್ಲಿ ಅರ್ಧಕ್ಕರ್ಧ ಟ್ಯಾಗ್ ಇಲ್ಲದವು. ಅವನ್ನು ಏನು ಮಾಡಬೇಕು?

ದಿನಾಂಕ ನಾಲ್ಕೈದು ದಿನ ಹೆಚ್ಚುಕಮ್ಮಿ ಆದರೆ ಕ್ರೇನ್ ಓಡಿಸಬಹುದೇ?

ಸೇಫ್ಟಿ_ಹಿರೇಹಳ್ಳಿ

ಕಾನೂನಿನ ಭಾಗಕ್ಕೆ ನಾನು ಉತ್ತರಿಸುತ್ತೇನೆ, ಮೆಕ್ಯಾನಿಕಲ್ ವಿಷಯ ಬಲ್ಲವರು ಉಳಿದದ್ದು ಬರೆಯಲಿ.

ಮೊದಲು ನಿಮ್ಮ ಪಟ್ಟಿಯನ್ನು ಎರಡು ಭಾಗ ಮಾಡಿಕೊಳ್ಳಿ. ಕಾರ್ಖಾನೆಗಳ ಕಾಯ್ದೆ 1948ರಲ್ಲಿ ಸೆಕ್ಷನ್ 28 ಹಾಯ್ಸ್ಟ್ ಮತ್ತು ಲಿಫ್ಟ್‌ಗಳದ್ದು, ಸೆಕ್ಷನ್ 29 ಎತ್ತುವ ಯಂತ್ರ, ಚೈನ್, ರೋಪ್ ಮತ್ತು ಲಿಫ್ಟಿಂಗ್ ಟ್ಯಾಕಲ್‌ಗಳದ್ದು (ಸ್ಲಿಂಗ್, ಶ್ಯಾಕಲ್‌ನಂಥ ಸಾಮಾನು). 28ರ ಅಡಿ ಬರುವುದಕ್ಕೆ 6 ತಿಂಗಳಿಗೊಮ್ಮೆ ಕೂಲಂಕಷ ಪರೀಕ್ಷೆ, 29ರ ಅಡಿ ಬರುವುದಕ್ಕೆ 12 ತಿಂಗಳಿಗೊಮ್ಮೆ. ಇಲ್ಲಿ ಬಹಳ ಕಡೆ ಗೊಂದಲ ಆಗುವುದು "ಹಾಯ್ಸ್ಟ್" ಎಂಬ ಹೆಸರಿನಿಂದ. ಎಲೆಕ್ಟ್ರಿಕ್ ಹಾಯ್ಸ್ಟ್ ಅಂತ ನಾವು ಕರೆಯುವುದು ಸೆಕ್ಷನ್ 28ರ ಹಾಯ್ಸ್ಟ್ ಅಲ್ಲ. ಪ್ಲಾಟ್‌ಫಾರ್ಮ್ ಅಥವಾ ಕೇಜ್ ಇದ್ದು, ಅದರ ಓಡಾಟ ಗೈಡ್‌ಗಳ ನಡುವೆ ಕಟ್ಟುಬಿದ್ದಿದ್ದರೆ ಮಾತ್ರ 28. ಹಾಗಾಗಿ ನಿಮ್ಮ ಗೂಡ್ಸ್ ಲಿಫ್ಟ್ 6 ತಿಂಗಳಿಗೆ, ಇಒಟಿ, ಜಿಬ್, ಚೈನ್ ಬ್ಲಾಕ್, ಸ್ಲಿಂಗ್, ಶ್ಯಾಕಲ್ ಎಲ್ಲ 12 ತಿಂಗಳಿಗೆ. ಗೂಡ್ಸ್ ಲಿಫ್ಟನ್ನೂ ಕ್ರೇನ್ ಜೊತೆ ವರ್ಷಕ್ಕೊಮ್ಮೆ ಮಾಡಿಸುತ್ತಾ ಬಂದಿದ್ದರೆ ಅದು ಈಗಾಗಲೇ ಅವಧಿ ಮೀರಿದೆ, ಇವತ್ತೇ ನೋಡಿ.

2025ರ ನವೆಂಬರ್ 21ರಿಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2020 ಜಾರಿಗೆ ಬಂದಿದೆ, ಕಾರ್ಖಾನೆಗಳ ಕಾಯ್ದೆ ಅದರೊಳಗೆ ಸೇರಿದೆ. ಹಳೆಯ ನಿಯಮಗಳು ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ ಮುಂದುವರಿಯುತ್ತವೆ. ಈ ಬದಲಾವಣೆಯ ಹೆಸರು ಹೇಳಿ ಪರೀಕ್ಷೆ ಮುಂದೂಡುವವರು ಇದ್ದಾರೆ, ನೀವು ಹಾಗೆ ಮಾಡಬೇಡಿ. 6 ಮತ್ತು 12 ತಿಂಗಳ ಲೆಕ್ಕವನ್ನೇ ಹಿಡಿದು ನಡೆಯಿರಿ. ಸಂದೇಹ ಬಂದರೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಲಿಖಿತವಾಗಿ ಕೇಳಿ ಉತ್ತರವನ್ನು ಫೈಲಿಗೆ ಹಾಕಿ.

ಯಾರು ಸಹಿ ಹಾಕಬಹುದು ಎಂಬುದು: ಕಾಂಪಿಟೆಂಟ್ ಪರ್ಸನ್‌ಗೆ ಇಲಾಖೆ ಕೊಡುವ ಮಾನ್ಯತೆ ಸೆಕ್ಷನ್‌ವಾರು ಇರುತ್ತದೆ. ಒತ್ತಡದ ಪಾತ್ರೆಗಳಿಗೆ ಮಾನ್ಯತೆ ಇದ್ದವರಿಗೆ ಕ್ರೇನ್ ಪರೀಕ್ಷಿಸುವ ಅಧಿಕಾರ ತಾನಾಗಿ ಬರುವುದಿಲ್ಲ. 29 ಇದ್ದು 28 ಇಲ್ಲದವರೂ ಇದ್ದಾರೆ. ಆದ್ದರಿಂದ ಕೊಟೇಶನ್ ಕೇಳುವಾಗಲೇ ಮಾನ್ಯತಾ ಪತ್ರದ ಪ್ರತಿ ತರಿಸಿಕೊಂಡು ಮೂರು ವಿಷಯ ನೋಡಿ: ಯಾವ ಸೆಕ್ಷನ್‌ಗಳು, ಎಲ್ಲಿಯವರೆಗೆ ಸಿಂಧು, ಮಾನ್ಯತೆ ಯಾರ ಹೆಸರಿಗಿದೆ. ಸಂಸ್ಥೆಯ ಹೆಸರಿಗಿದ್ದರೆ ಅದರಲ್ಲಿ ಪಟ್ಟಿ ಮಾಡಿದ ವ್ಯಕ್ತಿಯೇ ಸ್ಥಳಕ್ಕೆ ಬರಬೇಕು. ಎಎಂಸಿಯವರಿಗೆ ಈ ಮಾನ್ಯತೆ ಇದ್ದರೆ ಕಾಗದದ ಮಟ್ಟಿಗೆ ಅಡ್ಡಿಯಿಲ್ಲ. ಆದರೂ ತಾವೇ ಮಾಡಿದ ರಿಪೇರಿಯನ್ನು ತಾವೇ ಪರೀಕ್ಷಿಸುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಎಂಸಿಯವರ ಸರ್ವೀಸ್ ರಿಪೋರ್ಟ್ ಬೇರೆ, ಕೂಲಂಕಷ ಪರೀಕ್ಷೆಯ ಸರ್ಟಿಫಿಕೇಟ್ ಬೇರೆ.

ಇನ್ನು ನಾಲ್ಕೈದು ದಿನದ ವಿಷಯ. ಹಳೆಯ ಕಾಯ್ದೆಯಲ್ಲಿ "ಕನಿಷ್ಠ 12 ತಿಂಗಳಿಗೊಮ್ಮೆ" ಎಂದಿತ್ತು, ವಿನಾಯಿತಿ ದಿನಗಳು ಅಂತ ಯಾವುದೂ ಇರಲಿಲ್ಲ. ಎಣಿಕೆ ಶುರುವಾಗುವುದು ಪರೀಕ್ಷೆ ನಡೆದ ದಿನದಿಂದ, ಸರ್ಟಿಫಿಕೇಟ್ ಟೈಪ್ ಆದ ದಿನದಿಂದಲ್ಲ. ಎಷ್ಟೋ ಸರ್ಟಿಫಿಕೇಟ್‌ಗಳಲ್ಲಿ ಇವೆರಡರ ನಡುವೆ ಎರಡು ವಾರದ ಅಂತರ ಇರುತ್ತದೆ, ಹಳೆಯದನ್ನು ತೆಗೆದು ನೋಡಿ. ಅವಧಿ ಮುಗಿದ ದಿನ ಮೇನ್ ಐಸೊಲೇಟರ್‌ಗೆ ಬೀಗ ಹಾಕಿ ಟ್ಯಾಗ್ ಕಟ್ಟಿ. ಉಲ್ಲಂಘನೆಗೆ ಸೆಕ್ಷನ್ 92ರಲ್ಲಿ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇದ್ದವು. ಅದಕ್ಕಿಂತ ದೊಡ್ಡ ವಿಷಯ, ಆ ನಾಲ್ಕು ದಿನದಲ್ಲಿ ಅಪಘಾತವಾದರೆ ತನಿಖೆಗೆ ಬಂದವರು ಮೊದಲು ಕೇಳುವುದೇ ರಿಜಿಸ್ಟರ್.

ಕ್ರೇನ್_ಮೆಕ್ಯಾನಿಕಲ್

ಹುಕ್ ಮತ್ತು ರೋಪ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ರಿನ್ಯೂವಲ್ ನಿಂತುಹೋಗುವುದು ಹೆಚ್ಚಾಗಿ ಇವೆರಡರಲ್ಲೇ.

ಹುಕ್ಕಿನ ಬಾಯಿ 54 ಎಂದಷ್ಟೇ ಹೇಳಿದರೆ ಉತ್ತರ ಸಿಗುವುದಿಲ್ಲ. ಹೊಸದಿದ್ದಾಗ ಎಷ್ಟಿತ್ತು ಎಂಬುದು ಬೇಕು. ಕ್ರೇನ್ ಜೊತೆ ಬಂದ ಹುಕ್ ಟೆಸ್ಟ್ ಸರ್ಟಿಫಿಕೇಟ್ ಅಥವಾ ಡ್ರಾಯಿಂಗ್ ಹುಡುಕಿ. ಸಿಗದಿದ್ದರೆ ಹುಕ್ಕಿನ ಮೇಲಿರುವ ಮಾರ್ಕ್ ಓದಿ ತಯಾರಕರಿಂದ ಅಳತೆ ತರಿಸಿ. ಸಾಮಾನ್ಯವಾಗಿ ಹಿಡಿಯುವ ಮಿತಿ: ಬಾಯಿ ಮೂಲ ಅಳತೆಗಿಂತ 10% ಅಗಲವಾದರೆ, ಅಥವಾ ಸ್ಲಿಂಗ್ ಕೂರುವ ಜಾಗದಲ್ಲಿ ದಪ್ಪ 10% ಸವೆದರೆ ಹುಕ್ ಬದಲಿಸಬೇಕು. ಬದಿಗೆ ತಿರುಚಿದ್ದು ಕಣ್ಣಿಗೆ ಕಂಡರೆ ಅಳತೆ ಮಾಡುವ ಅಗತ್ಯವೂ ಇಲ್ಲ. ಹೊಸ ಹುಕ್ ಹಾಕಿದ ದಿನವೇ ಬಾಯಿಯ ಎರಡೂ ಕಡೆ ಸಣ್ಣ ಪಂಚ್ ಗುರುತು ಇದೆಯೇ ನೋಡಿ, ಇಲ್ಲದಿದ್ದರೆ ತಯಾರಕರು ಒಪ್ಪುವ ಜಾಗದಲ್ಲಿ ಮಾತ್ರ ಹಾಕಿಸಿ. ಆ ಎರಡು ಚುಕ್ಕಿಗಳ ನಡುವಿನ ಅಂತರವನ್ನು ರಿಜಿಸ್ಟರ್‌ನಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಈ ಪ್ರಶ್ನೆಯೇ ಏಳುವುದಿಲ್ಲ.

ಬಾಯಿ ಅಗಲವಾಗಿದೆ ಅಂದರೆ ಯಾಕೆ ಎಂಬುದನ್ನೂ ಹುಡುಕಬೇಕು. ಎರಡೇ ಕಾರಣ ಇರುತ್ತವೆ: ಮಿತಿ ಮೀರಿದ ಭಾರ, ಇಲ್ಲವೇ ಸ್ಲಿಂಗ್ ತಳಕ್ಕೆ ಇಳಿಯದೆ ಹುಕ್ಕಿನ ತುದಿಯಲ್ಲೇ ಭಾರ ಬಿದ್ದದ್ದು. ಫ್ಯಾಬ್ರಿಕೇಶನ್ ಶಾಪ್‌ನಲ್ಲಿ ಜಾಬ್‌ನ ಅಡಿಯಿಂದ ಓರೆಯಾಗಿ ಎಳೆಯುವ ಅಭ್ಯಾಸ ಇದ್ದರೆ ಎರಡನೆಯದು ಖಂಡಿತ. ಸೇಫ್ಟಿ ಲ್ಯಾಚ್ ತುದಿಗೆ ಮುಟ್ಟದೆ ಒಳಗೆ ಜಾರಿ ನಿಂತಿದ್ದರೆ ಅದೇ ಮೊದಲ ಸೂಚನೆ.

ಬಿರುಕು ಪರೀಕ್ಷೆಗೆ ಮುಂಚೆ ಹುಕ್ ಬ್ಲಾಕ್ ಕೆಳಗಿಳಿಸಿ ಬಣ್ಣ, ಗ್ರೀಸ್ ಪೂರ್ತಿ ತೆಗೆಯಿರಿ. ಇಲ್ಲಿ ಒಂದು ಮಾತು: ಆಯುಧಪೂಜೆಗೆ ಕ್ರೇನ್‌ಗೆ, ಹುಕ್ಕಿಗೆ ದಪ್ಪಗೆ ಹೊಸ ಬಣ್ಣ ಬಳಿಯುವುದು ನಮ್ಮ ಕಡೆ ರೂಢಿ. ಪೂಜೆ ಚೆನ್ನಾಗಿ ಮಾಡಿ, ಆದರೆ ಹುಕ್, ವೆಲ್ಡ್ ಜೋಡಣೆ, ಎಸ್‌ಡಬ್ಲ್ಯುಎಲ್ (ಸುರಕ್ಷಿತವಾಗಿ ಎತ್ತಬಹುದಾದ ಭಾರ) ಬರಹ, ಗುರುತಿನ ನಂಬರ್ ಇವುಗಳ ಮೇಲೆ ಬ್ರಷ್ ಓಡದಂತೆ ನೋಡಿಕೊಳ್ಳಿ. ಬಣ್ಣದ ಅಡಿಯ ಬಿರುಕು ಡೈ ಪೆನಿಟ್ರಂಟ್‌ಗೆ ಸಿಗುವುದಿಲ್ಲ, ಏಕೆಂದರೆ ಆ ಕೆಂಪು ದ್ರವ ಒಳಗೆ ಇಳಿಯಲು ಬಿರುಕಿನ ಬಾಯಿ ತೆರೆದಿರಬೇಕು. ಕ್ಲೀನರ್ ಹೊಡೆದು ಒಣಗಿಸಿ, ಪೆನಿಟ್ರಂಟ್ ಹಾಕಿ ಕನಿಷ್ಠ 10 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಡೆವಲಪರ್ (ಬಿರುಕಿನೊಳಗಿನ ದ್ರವವನ್ನು ಹೊರಗೆಳೆದು ತೋರಿಸುವ ಬಿಳಿ ಪುಡಿ). ಕ್ಲೀನರನ್ನು ನೇರವಾಗಿ ಮೇಲೆ ಸ್ಪ್ರೇ ಮಾಡಿ ಒರೆಸಿದರೆ ಬಿರುಕಿನೊಳಗಿನ ದ್ರವವೂ ತೊಳೆದುಹೋಗುತ್ತದೆ. ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಸಾಧ್ಯವಿದ್ದರೆ ಹುಕ್ಕಿಗೆ ಅದೇ ಮೇಲು, ಮೇಲ್ಮೈಗೆ ಸ್ವಲ್ಪ ಕೆಳಗಿನ ದೋಷವನ್ನೂ ತೋರಿಸುತ್ತದೆ. ನಟ್ ಬಿಚ್ಚಿ ಶ್ಯಾಂಕ್‌ನ (ಹುಕ್ಕಿನ ಮೇಲಿನ ಕಾಂಡದ) ಥ್ರೆಡ್ ಮುಗಿಯುವ ಜಾಗವನ್ನೂ ನೋಡಿಸಿ. ಹುಕ್ ಮುರಿಯುವ ಜಾಗಗಳಲ್ಲಿ ಅದೂ ಒಂದು, ಬಿಚ್ಚದೆ ಕಾಣುವುದಿಲ್ಲ. ಬಿರುಕು ಸಿಕ್ಕ ಹುಕ್ಕಿಗೆ ವೆಲ್ಡಿಂಗ್, ಕಾಯಿಸಿ ಬಗ್ಗಿಸುವುದು, ಎರಡೂ ಕೂಡದು. ಗ್ಯಾಸ್ ಕಟ್ ಮಾಡಿ ಸ್ಕ್ರ್ಯಾಪಿಗೆ ಹಾಕಿ.

ರೋಪ್ ವಿಷಯ. 11.2 ಬಂದಿದೆ ಎಂದಿರಿ. ಹೇಗೆ ಅಳೆದಿರಿ ಎಂಬುದು ಮೊದಲ ಪ್ರಶ್ನೆ. ವರ್ನಿಯರ್‌ನ ದವಡೆ ಎದುರುಬದುರು ಸ್ಟ್ರ್ಯಾಂಡ್‌ಗಳ (ತಂತಿ ಹೊಸೆದ ಎಳೆಗಳ) ಉಬ್ಬಿನ ಮೇಲೆ ಕೂರಬೇಕು, ಎರಡು ಸ್ಟ್ರ್ಯಾಂಡ್‌ಗಳ ನಡುವಿನ ತಗ್ಗಿನಲ್ಲಿ ಕೂತರೆ ಅಳತೆ ಕಡಿಮೆ ಬರುತ್ತದೆ. ಒಂದೇ ಜಾಗದಲ್ಲಿ ಒಂದಕ್ಕೊಂದು ಲಂಬವಾಗಿ ಎರಡು ಸಲ ಅಳೆದು ಸರಾಸರಿ ತೆಗೆಯಿರಿ, ಹೆಚ್ಚು ಓಡುವ ಭಾಗದಲ್ಲಿ ಮೂರ್ನಾಲ್ಕು ಕಡೆ ನೋಡಿ.

ಕ್ರೇನ್ ರೋಪ್‌ಗಳ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 4309 ಪ್ರಕಾರ, ಸ್ಟೀಲ್ ಕೋರ್ (ನಡುವಿನ ತಿರುಳು) ಇರುವ ಮಾಮೂಲಿ ಆರು ಸ್ಟ್ರ್ಯಾಂಡ್ ರೋಪ್‌ನಲ್ಲಿ ವ್ಯಾಸ ಸಮನಾಗಿ 7.5% ಕುಗ್ಗಿದರೆ ತೆಗೆದುಹಾಕಬೇಕು, ನಾರಿನ ಕೋರ್ ಇದ್ದರೆ 10%. ಹೆಚ್ಚಿನವರು ಇಲ್ಲೇ ತಪ್ಪು ಲೆಕ್ಕ ಹಾಕುವುದು. 12ರಲ್ಲಿ 7.5% ಕಳೆದರೆ 11.1, ನಮ್ಮದು 11.2, ಹಾಗಾದರೆ ಪಾಸ್ ಅಂತ. ಆದರೆ ಹೊಸ ರೋಪ್ ನಾಮಮಾತ್ರ ಅಳತೆಗಿಂತ ಸ್ವಲ್ಪ ದಪ್ಪ ಬರುತ್ತದೆ. ಕುಗ್ಗಿದ್ದನ್ನು ಲೆಕ್ಕ ಹಾಕಬೇಕಾದದ್ದು ಹಾಕಿದಾಗ ಅಳೆದ ಆ ಮೂಲ ವ್ಯಾಸದಿಂದ. ಹೊಸದಿದ್ದಾಗ 12.3 ಇದ್ದಿದ್ದರೆ ಕುಗ್ಗಿದ್ದು 1.1, ಅದನ್ನು 12ರಿಂದ ಭಾಗಿಸಿದರೆ 9.2%. ಫೇಲ್. ನಿಮ್ಮ ದಾಖಲೆಯಲ್ಲಿ ಮೂಲ ವ್ಯಾಸ ಇದೆಯೇ ನೋಡಿ.

ವ್ಯಾಸ ಸರಿ ಇದ್ದರೂ ಮುರಿದ ತಂತಿ ಎಣಿಸಬೇಕು. ವ್ಯಾಸದ 6 ಪಟ್ಟು ಉದ್ದದಲ್ಲಿ (ನಿಮಗೆ 72 ಮಿ.ಮೀ.) ಮತ್ತು 30 ಪಟ್ಟು ಉದ್ದದಲ್ಲಿ (360 ಮಿ.ಮೀ.) ಎಷ್ಟು ಎಂದು ಎಣಿಸಿ, ರೋಪ್‌ನ ರಚನೆಗೆ ತಕ್ಕ ಕೋಷ್ಟಕದ ಜೊತೆ ಹೋಲಿಸುತ್ತಾರೆ. ಇಡೀ ಸ್ಟ್ರ್ಯಾಂಡ್ ಮುರಿದದ್ದು, ಗಂಟು ಬಿದ್ದು ಮಡಿಚಿದ್ದು, ಪಂಜರದಂತೆ ಉಬ್ಬಿದ್ದು, ಕೋರ್ ಹೊರಬಂದದ್ದು, ವೆಲ್ಡಿಂಗ್ ಕಿಡಿಯಿಂದ ಸುಟ್ಟದ್ದು ಕಂಡರೆ ಎಣಿಕೆ ಬೇಡ, ತೆಗೆಯಿರಿ. ನೋಡುವವರು ಬಿಟ್ಟುಬಿಡುವ ಜಾಗ ಈಕ್ವಲೈಜರ್ ಪುಲ್ಲಿ (ಎರಡೂ ಕಡೆಯ ರೋಪ್ ಎಳೆತ ಸಮ ಮಾಡುವ ಪುಲ್ಲಿ). ಅಲ್ಲಿ ರೋಪ್ ಓಡುವುದಿಲ್ಲ, ಅದಕ್ಕೇ ಗ್ರೀಸ್ ಹೋಗುವುದಿಲ್ಲ, ಧೂಳು ನೀರು ಕೂತು ಒಳಗಿಂದ ತುಕ್ಕು ಹಿಡಿಯುತ್ತದೆ. ರೋಪ್ ಸಡಿಲ ಮಾಡಿ ಆ ಜಾಗವನ್ನು ಪಕ್ಕಕ್ಕೆ ಸರಿಸಿ ನೋಡಬೇಕು. ಹುಕ್ ಪೂರ್ತಿ ಕೆಳಗಿಳಿದಾಗ ಡ್ರಮ್ ಮೇಲೆ ಕನಿಷ್ಠ ಎರಡು ಸುತ್ತು ಉಳಿದಿರಬೇಕು, ರೋಪ್ ಕ್ಲಾಂಪ್ ಬೋಲ್ಟ್‌ಗಳು ಬಿಗಿ ಇರಬೇಕು.

ಹೊಸ ರೋಪ್ ತರಿಸುವುದಾದರೆ ಐಎಸ್ 2266 (ಸ್ಟೀಲ್ ವೈರ್ ರೋಪ್‌ಗಳ ಭಾರತೀಯ ಮಾನದಂಡ) ಟೆಸ್ಟ್ ಸರ್ಟಿಫಿಕೇಟ್ ಜೊತೆಗೇ ತರಿಸಿ. 12 ಮಿ.ಮೀ. 6×36 (ಆರು ಸ್ಟ್ರ್ಯಾಂಡ್, ಒಂದೊಂದರಲ್ಲಿ 36 ತಂತಿ) ಸ್ಟೀಲ್ ಕೋರ್, 1960 ಗ್ರೇಡ್‌ಗೆ ಕನಿಷ್ಠ ಮುರಿತದ ಬಲ ಸುಮಾರು 100 ಕಿಲೋನ್ಯೂಟನ್, ಅಂದರೆ 10 ಟನ್ ಆಸುಪಾಸು. ನಿಮ್ಮ 4 ಫಾಲ್‌ನಲ್ಲಿ ಒಂದೊಂದಕ್ಕೆ 1.25 ಟನ್, ಜೊತೆಗೆ ಹುಕ್ ಬ್ಲಾಕ್‌ನ ಪಾಲು. ಕಡಿಮೆ ಗ್ರೇಡ್ ರೋಪ್ ಹಾಕಿದರೆ ಈ ಅಂತರ ಕುಗ್ಗುತ್ತದೆ, ಅಂಗಡಿಯವರು "ಅದೇ ಸೈಜ್" ಅಂದದ್ದಕ್ಕೆ ಒಪ್ಪಬೇಡಿ. ಹಾಕಿದ ಮೇಲೆ ಕಡಿಮೆ ಭಾರದಲ್ಲಿ ಹಲವು ಸಲ ಏರಿಸಿ ಇಳಿಸಿ ರೋಪ್ ಕೂರಲು ಬಿಡಿ, ಆಮೇಲೆ ಮೂಲ ವ್ಯಾಸ ಅಳೆದು ಬರೆದಿಡಿ.

ಇನ್‌ಸ್ಪೆಕ್ಷನ್_ಗೌರಿಬಿದನೂರು

125% ಟೆಸ್ಟ್ ಬಗ್ಗೆ. ಕಾಯ್ದೆ ವರ್ಷಕ್ಕೊಮ್ಮೆ ಕೇಳುತ್ತಿದ್ದುದು ಕೂಲಂಕಷ ಪರೀಕ್ಷೆ. ಓವರ್‌ಲೋಡ್ ಟೆಸ್ಟ್ ಬೇಕಾಗುವುದು ಕ್ರೇನ್ ಮೊದಲ ಸಲ ಬಳಕೆಗೆ ಇಳಿಸುವಾಗ, ಜಾಗ ಬದಲಿಸಿದಾಗ, ಗರ್ಡರ್, ಹಾಯ್ಸ್ಟ್ ಗೇರ್‌ಬಾಕ್ಸ್, ಬ್ರೇಕ್ ಇಂಥ ಭಾರ ಹೊರುವ ಭಾಗಕ್ಕೆ ದೊಡ್ಡ ರಿಪೇರಿ ಆದಾಗ. ಸುಸ್ಥಿತಿಯಲ್ಲಿರುವ ಕ್ರೇನನ್ನು ಪ್ರತಿ ವರ್ಷ ಸುಮ್ಮನೆ 125%ಗೆ ಎಳೆಯುವುದರಿಂದ ಲಾಭಕ್ಕಿಂತ ಆಯಾಸವೇ ಹೆಚ್ಚು. ಆದರೆ ಅಂತಿಮ ತೀರ್ಮಾನ ಪರೀಕ್ಷೆಗೆ ಬಂದವರದ್ದು, ಅವರು ಬೇಕೆಂದರೆ ಮಾಡಿಕೊಡಬೇಕು. ನೀವು ಹುಕ್, ರೋಪ್ ಎರಡೂ ಬದಲಿಸಿದರೆ ಅವರು ಕೇಳುವ ಸಾಧ್ಯತೆ ಇದೆ, ಹಾಗಾಗಿ 6.25 ಟನ್‌ಗೆ ತಯಾರಿ ಮಾಡಿಟ್ಟುಕೊಳ್ಳಿ.

ತೂಕ ಎಲ್ಲಿಂದ? ನಿಮ್ಮದೇ ಪ್ಲೇಟ್ ಬಂಡಲ್ ಸಾಕು, ಆದರೆ ವೇಬ್ರಿಡ್ಜ್ ಚೀಟಿ ಬೇಕು. ಪ್ಲೇಟಿನ ಉದ್ದ ಅಗಲ ದಪ್ಪ ಗುಣಿಸಿ ಲೆಕ್ಕ ಹಾಕಿದ ತೂಕ ಅಡ್ಡಪರೀಕ್ಷೆಗೆ ಸರಿ, ದಾಖಲೆಗೆ ಸಾಲದು. ಸ್ಲಿಂಗ್, ಸ್ಪ್ರೆಡರ್ ಬೀಮ್‌ನ ತೂಕವೂ ಲೋಡ್‌ನ ಲೆಕ್ಕಕ್ಕೇ ಸೇರುತ್ತದೆ. ಬಂಡಲ್ ಕಟ್ಟುವ ಸ್ಲಿಂಗ್‌ಗಳಿಗೂ ಆ ತೂಕ ಹೊರುವ ಯೋಗ್ಯತೆ ಇರಬೇಕು. 5 ಟನ್ ಸ್ಲಿಂಗಿನಲ್ಲಿ 6.25 ಟನ್ ಟೆಸ್ಟ್ ಮಾಡಿದ್ದನ್ನು ಕಂಡಿದ್ದೇನೆ.

ಕ್ರಮ ಹೀಗಿರಲಿ. ಬೇ (ಕ್ರೇನ್ ಓಡುವ ಅಂಕಣ) ಪೂರ್ತಿ ಖಾಲಿ ಮಾಡಿಸಿ ಹಗ್ಗ ಕಟ್ಟಿ. ಗ್ಯಾಂಟ್ರಿ ಹಳಿಯ ಬಳಿ ಕೆಲಸ ಮಾಡುವವರು ಇದ್ದರೆ ಕ್ರೇನ್ ಅವರಿಂದ 6 ಮೀಟರ್ ಒಳಗೆ ಬರುವಂತಿಲ್ಲ, ಇದು ಟೆಸ್ಟ್ ದಿನಕ್ಕೆ ಮಾತ್ರವಲ್ಲ, ಯಾವಾಗಲೂ ಇರುವ ನಿಯಮ. ಮೊದಲು ಲೋಡ್ ಇಲ್ಲದೆ ಎಲ್ಲ ಚಲನೆ. ಆಮೇಲೆ 5 ಟನ್: ನೆಲದಿಂದ 100 ಮಿ.ಮೀ. ಎತ್ತಿ 10 ನಿಮಿಷ ನಿಲ್ಲಿಸಿ, ಲೋಡ್ ಜಾರುತ್ತದೆಯೇ ಸ್ಕೇಲ್ ಇಟ್ಟು ನೋಡಿ. ಟ್ರಾಲಿ ಮಧ್ಯಕ್ಕೆ ತಂದು ಗರ್ಡರ್ ಎಷ್ಟು ಬಾಗಿತು ಅಳೆಯಿರಿ. ಟ್ರಾಲಿ ಒಂದು ತುದಿಯಲ್ಲಿ ಖಾಲಿ ಇದ್ದಾಗಿನ ಅಳತೆ ಮೊದಲೇ ಬರೆದುಕೊಂಡಿರಬೇಕು. ಲೇಸರ್ ಮೀಟರ್ ಅನ್ನು ನೆಲದ ಒಂದೇ ಗುರುತಿನ ಮೇಲಿಟ್ಟು ಗರ್ಡರ್‌ನ ಒಂದೇ ಬಿಂದುವಿಗೆ ಹಿಡಿಯಿರಿ. ಮಿತಿ ನಿಮ್ಮ ಕ್ರೇನಿನ ಡ್ರಾಯಿಂಗ್‌ನಲ್ಲಿ ಇರುತ್ತದೆ. ಸ್ಪ್ಯಾನ್‌ನ 1/750 ಎಂದಿದ್ದರೆ 15 ಮೀಟರ್‌ಗೆ 20 ಮಿ.ಮೀ., 1/1000 ಎಂದಿದ್ದರೆ 15 ಮಿ.ಮೀ. ಲೋಡ್ ಇಳಿಸಿದ ಮೇಲೆ ಮೊದಲಿನ ಅಳತೆಗೆ ಮರಳಬೇಕು. ಮರಳದಿದ್ದರೆ ಅಲ್ಲಿಗೇ ನಿಲ್ಲಿಸಿ, 125%ಗೆ ಹೋಗಬೇಡಿ.

6.25 ಟನ್‌ಗೆ ಹೋಗುವಾಗ ಓವರ್‌ಲೋಡ್ ಸಾಧನ ಎತ್ತಲು ಬಿಡುವುದಿಲ್ಲ, ಬೈಪಾಸ್ ಮಾಡಬೇಕಾಗುತ್ತದೆ. ಬೈಪಾಸ್ ಮಾಡಿದವರ ಹೆಸರು, ಸಮಯ, ಮತ್ತೆ ಜೋಡಿಸಿದ ಸಮಯ ಬರೆದಿಡಿ. ಕೊನೆಯಲ್ಲಿ ಅದೇ ಹೆಚ್ಚುವರಿ ತೂಕ ಎತ್ತಲು ಪ್ರಯತ್ನಿಸಿ, ಸಾಧನ ತಡೆಯುತ್ತದೆಯೇ ಎಂದು ನೋಡಿಯೇ ತೂಕ ಬಿಚ್ಚಿ. ಟೆಸ್ಟ್ ಮುಗಿದ ಸಂತೋಷದಲ್ಲಿ ಬೈಪಾಸ್ ತಂತಿ ಹಾಗೇ ಉಳಿದು ವರ್ಷಗಟ್ಟಲೆ ಓಡುವ ಕ್ರೇನ್‌ಗಳು ಇವೆ.

ಕ್ರೇನ್_ಮೆಕ್ಯಾನಿಕಲ್

ಮೇಲಿನವರ ಮಾತಿಗೆ ಒಂದು ಸೇರ್ಪಡೆ, ಸ್ವಲ್ಪ ಭಿನ್ನಾಭಿಪ್ರಾಯವೂ ಹೌದು. ಕ್ರೇನ್ ಸ್ಥಾಪಿಸಿದಾಗಿನ ಲೋಡ್ ಟೆಸ್ಟ್ ದಾಖಲೆ ಫೈಲಿನಲ್ಲಿ ಇಲ್ಲದಿದ್ದರೆ, ರಿಪೇರಿ ಆಗಿರಲಿ ಬಿಡಲಿ, ಈ ಸಲ 125% ಮಾಡಿಸಿಬಿಡಿ. ಸೆಕೆಂಡ್ ಹ್ಯಾಂಡ್ ಕ್ರೇನ್ ತಂದು ಸ್ಪ್ಯಾನ್‌ಗೆ ತಕ್ಕಂತೆ ಗರ್ಡರ್ ಕತ್ತರಿಸಿ ಜೋಡಿಸಿದ ಉದಾಹರಣೆಗಳು ಈ ಭಾಗದಲ್ಲಿ ಸಾಕಷ್ಟು ಇವೆ. ಅಂಥದ್ದಕ್ಕೆ ಆ ಜೋಡಣೆಯ ಡಿಸೈನ್ ಲೆಕ್ಕಾಚಾರ ಇಲ್ಲದೆ ವಾರ್ಷಿಕ ಪರೀಕ್ಷೆ ಮಾತ್ರ ಮಾಡಿದರೆ ಅರ್ಥವಿಲ್ಲ.

ಇನ್‌ಸ್ಪೆಕ್ಷನ್_ಗೌರಿಬಿದನೂರು

ಒಪ್ಪುತ್ತೇನೆ ಸರ್. ದಾಖಲೆ ಇಲ್ಲದ ಕ್ರೇನ್ ಮೊದಲ ಬಳಕೆಗೆ ಸಮ.

ಪ್ಯಾನೆಲ್_ಅಂತರಸನಹಳ್ಳಿ

ಎಲೆಕ್ಟ್ರಿಕಲ್ ಕಡೆ ಯಾರೂ ಬಂದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಹಾಯ್ಸ್ಟ್‌ನ ಮೇಲಿನ ಲಿಮಿಟ್ ಸ್ವಿಚ್ ಪರೀಕ್ಷಿಸುವಾಗ ಲೋಡ್ ಇರಬಾರದು, ನಿಧಾನ ವೇಗದಲ್ಲೇ ಹೋಗಿ. ಹಾಯ್ಸ್ಟ್ ಮೋಟಾರ್ ಕಾಂಟ್ಯಾಕ್ಟರ್‌ನಿಂದ (ವಿದ್ಯುತ್ ಜೋಡಿಸಿ ಕತ್ತರಿಸುವ ಸ್ವಿಚ್) ನೇರ ಓಡುವುದಾದರೆ ಫೇಸ್ ಸೀಕ್ವೆನ್ಸ್ ಅದಲುಬದಲಾದಾಗ ದೊಡ್ಡ ಅಪಾಯ ಇದೆ. ಬೆಸ್ಕಾಂ ಲೈನ್ ಕೆಲಸ ಆದಮೇಲೆ ಅಥವಾ ನಿಮ್ಮ ಪ್ಯಾನೆಲ್‌ನಲ್ಲೇ ಕೇಬಲ್ ಬಿಚ್ಚಿ ಹಾಕಿದಮೇಲೆ ಎರಡು ಫೇಸ್ ಬದಲಾದರೆ "ಡೌನ್" ಒತ್ತಿದಾಗ ಹುಕ್ ಮೇಲೆ ಹೋಗುತ್ತದೆ. ಮೇಲಿನ ಲಿಮಿಟ್ ಕತ್ತರಿಸುವುದು "ಅಪ್" ಕಾಂಟ್ಯಾಕ್ಟರನ್ನು, ಈಗ ಎಳೆಯುತ್ತಿರುವುದು "ಡೌನ್" ಕಾಂಟ್ಯಾಕ್ಟರ್. ಲಿಮಿಟ್ ಸ್ವಿಚ್ ಸರಿಯಾಗಿ ಕೆಲಸ ಮಾಡಿದರೂ ಹುಕ್ ನಿಲ್ಲುವುದಿಲ್ಲ, ಬ್ಲಾಕ್ ಡ್ರಮ್‌ಗೆ ಬಡಿದು ರೋಪ್ ಕಡಿಯುತ್ತದೆ. ಇದಕ್ಕೆ ಫೇಸ್ ಸೀಕ್ವೆನ್ಸ್ ರಿಲೇ ಬೇಕು, ಇರುವುದು ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷೆಗೆ ಮುಂಚೆ ನೋಡಿ. ಡ್ರೈವ್ (ಮೋಟಾರ್ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನ) ಇದ್ದರೆ ಒಳಬರುವ ಫೇಸ್ ಕ್ರಮದಿಂದ ದಿಕ್ಕು ಬದಲಾಗುವುದಿಲ್ಲ. ಆದರೂ ಮೇಲೆ ಎರಡನೇ ಹಂತದ ಅಂತಿಮ ಲಿಮಿಟ್ ಇದ್ದು, ಅದು ಮುಖ್ಯ ವಿದ್ಯುತ್ತನ್ನೇ ಕತ್ತರಿಸುವಂತಿದ್ದರೆ ಎರಡೂ ಸಂದರ್ಭದಲ್ಲಿ ಕಾಪಾಡುತ್ತದೆ.

ಮೆಗ್ಗರ್ (ಇನ್ಸುಲೇಶನ್ ಅಳೆಯುವ ಪರೀಕ್ಷೆ) ಮಾಡುವಾಗ ಡ್ರೈವ್‌ನ ಎರಡೂ ಕಡೆಯ ಕೇಬಲ್ ಬಿಚ್ಚಿ, ಇಲ್ಲದಿದ್ದರೆ 500 ವೋಲ್ಟ್‌ಗೆ ಡ್ರೈವ್ ಸುಟ್ಟುಹೋಗುತ್ತದೆ. ಇನ್ಸುಲೇಶನ್ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಮೋಟಾರ್ ಟರ್ಮಿನಲ್ ಬಾಕ್ಸ್ ಮತ್ತು ನೇತಾಡುವ ಕೇಬಲ್‌ನ ಬಾಗುವ ಜಾಗ ಮೊದಲು ನೋಡಿ.

ಪೆಂಡೆಂಟ್‌ನಲ್ಲಿ (ನೇತಾಡುವ ಬಟನ್ ಪೆಟ್ಟಿಗೆ) ಸಾಮಾನ್ಯವಾಗಿ ಸಿಗುವ ದೋಷ: ತೂಕ ಹೊರುವ ಚೈನ್ ಕಡಿದಿದ್ದು, ಪೆಂಡೆಂಟ್ ಕೇಬಲ್‌ನ ಮೇಲೇ ನೇತಾಡುವುದು. ಬಟನ್ ಮೇಲಿನ ರಬ್ಬರ್ ಹರಿದಿದ್ದರೆ, ದಿಕ್ಕಿನ ಗುರುತು ಅಳಿಸಿದ್ದರೆ ಬದಲಿಸಿ. ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಮೇನ್ ಕಾಂಟ್ಯಾಕ್ಟರ್ ಬೀಳಬೇಕು, ಮತ್ತೆ ತಿರುಗಿಸಿ ಬಿಟ್ಟಕೂಡಲೇ ಕ್ರೇನ್ ತಾನಾಗಿ ಶುರುವಾಗಬಾರದು. ಅರ್ಥಿಂಗ್ ಡಿಎಸ್‌ಎಲ್‌ನ (ಹಳಿಯುದ್ದಕ್ಕೂ ಕ್ರೇನ್‌ಗೆ ವಿದ್ಯುತ್ ಕೊಡುವ ಬಾರ್‌ಗಳ) ನಾಲ್ಕನೇ ಬಾರ್ ಮೂಲಕ ಬರಬೇಕು. ಚಕ್ರ ಹಳಿಗೆ ತಾಗುತ್ತದೆ, ಅದೇ ಅರ್ಥ್ ಆಗುತ್ತದೆ ಎಂಬ ವಾದ ಒಪ್ಪತಕ್ಕದ್ದಲ್ಲ, ಹಳಿಯ ಮೇಲೆ ಧೂಳು, ಬಣ್ಣ, ಗ್ರೀಸ್ ಇರುತ್ತದೆ.

ಬ್ರೇಕ್: ಏರ್ ಗ್ಯಾಪ್ ಅನ್ನು ಫೀಲರ್ ಗೇಜ್‌ನಲ್ಲಿ ಸುತ್ತ ಮೂರು ಕಡೆ ಅಳೆದು ತಯಾರಕರ ಮಿತಿಗೆ ಹೊಂದಿಸಿ. ಲೈನರ್ ಸವೆದಂತೆ ಗ್ಯಾಪ್ ಹೆಚ್ಚುತ್ತದೆ, ಒಂದು ಹಂತ ದಾಟಿದರೆ ಕಾಯಿಲ್ ಎಳೆಯಲಾರದೆ ಬ್ರೇಕ್ ತೆರೆಯುವುದೇ ಇಲ್ಲ, ಮೋಟಾರ್ ಬ್ರೇಕನ್ನು ಎಳೆದುಕೊಂಡೇ ಓಡಿ ಸುಡುತ್ತದೆ. ಲೋಡ್ ಎತ್ತಲು ಶುರು ಮಾಡಿದ ಕ್ಷಣದಲ್ಲಿ ಒಂದಿಷ್ಟು ಕುಸಿದು ಆಮೇಲೆ ಏರಿದರೆ, ಡ್ರೈವ್ ಸಾಕಷ್ಟು ಟಾರ್ಕ್ ಕಟ್ಟುವ ಮೊದಲೇ ಬ್ರೇಕ್ ಬಿಡುತ್ತಿದೆ ಎಂದು ಅರ್ಥ, ಲೈನರ್ ಬದಲಿಸಿದರೆ ಹೋಗುವುದಿಲ್ಲ. ಗೇರ್‌ಬಾಕ್ಸ್ ಸೀಲ್ ಸೋರಿ ಲೈನರ್‌ಗೆ ಎಣ್ಣೆ ಹತ್ತಿದ್ದರೆ ಪೆಟ್ರೋಲ್‌ನಲ್ಲಿ ತೊಳೆದು ಹಾಕಬೇಡಿ, ಸೀಲ್ ಮತ್ತು ಲೈನರ್ ಎರಡೂ ಹೊಸದು ಹಾಕಿ.

ರಿಗ್ಗಿಂಗ್_ಮಾಲೂರು

ಸ್ಲಿಂಗ್ ರಾಶಿಯ ಬಗ್ಗೆ. ಟ್ಯಾಗ್ ಇಲ್ಲದ ಬೆಲ್ಟ್‌ಗಳನ್ನು ಉಳಿಸಿಕೊಳ್ಳುವ ದಾರಿ ಹುಡುಕಬೇಡಿ. ಲೇಬಲ್ ಹೋದ ಬೆಲ್ಟ್ ಎಷ್ಟು ಹೊಸದಾಗಿ ಕಂಡರೂ ಕತ್ತರಿಸಿ. ಬಣ್ಣ ನೋಡಿ ಸಾಮರ್ಥ್ಯ ಊಹಿಸಬಹುದು (ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5), ಆದರೆ ಬಣ್ಣ ಟೆಸ್ಟ್ ಸರ್ಟಿಫಿಕೇಟ್ ಅಲ್ಲ. ಫ್ಯಾಬ್ರಿಕೇಶನ್ ಶಾಪ್‌ನಲ್ಲಿ ಬೆಲ್ಟ್‌ನ ಮುಖ್ಯ ಶತ್ರು ಗ್ರೈಂಡಿಂಗ್ ಕಿಡಿ ಮತ್ತು ಕತ್ತರಿಸಿದ ಪ್ಲೇಟಿನ ಅಂಚು. ಅಂಚಿಗೆ ಕಾರ್ನರ್ ಪ್ಯಾಡ್ ಇಲ್ಲದೆ ಬೆಲ್ಟ್ ಹಾಕುವುದನ್ನು ನಿಲ್ಲಿಸದಿದ್ದರೆ ಹೊಸ ಬೆಲ್ಟ್‌ಗೂ ಅದೇ ಗತಿ.

ವೈರ್ ರೋಪ್ ಸ್ಲಿಂಗ್‌ಗೆ ಟ್ಯಾಗ್ ಹೋಗಿದ್ದರೂ ಫೆರೂಲ್ (ಕುಣಿಕೆ ಬಿಗಿಯುವ ಲೋಹದ ಬಳೆ) ಮೇಲೆ ನಂಬರ್ ಉಳಿದಿದ್ದು, ಅದಕ್ಕೆ ಹೊಂದುವ ಟೆಸ್ಟ್ ಸರ್ಟಿಫಿಕೇಟ್ ಫೈಲಿನಲ್ಲಿದ್ದರೆ ಹೊಸ ಟ್ಯಾಗ್ ಕಟ್ಟಿ ಪರೀಕ್ಷೆಗೆ ಇಡಿ. ಎರಡೂ ಇಲ್ಲದಿದ್ದರೆ ಸ್ಕ್ರ್ಯಾಪ್. ಉಳಿದ ಪ್ರತಿಯೊಂದಕ್ಕೂ ಪ್ರತ್ಯೇಕ ಗುರುತಿನ ನಂಬರ್ ಮತ್ತು ಎಸ್‌ಡಬ್ಲ್ಯುಎಲ್ ಇರಬೇಕು, ಅದೇ ನಂಬರ್ ರಿಜಿಸ್ಟರ್‌ನಲ್ಲೂ ಸರ್ಟಿಫಿಕೇಟ್‌ನಲ್ಲೂ ಬರಬೇಕು. "ಸ್ಲಿಂಗ್‌ಗಳು, 20 ಸಂಖ್ಯೆ, ತೃಪ್ತಿಕರ" ಎಂದು ಒಂದೇ ಸಾಲಿನಲ್ಲಿ ಬರೆದ ಸರ್ಟಿಫಿಕೇಟ್ ತೆಗೆದುಕೊಳ್ಳಬೇಡಿ. ಅದರಲ್ಲಿ ಯಾವ ಸ್ಲಿಂಗ್ ಪರೀಕ್ಷೆಯಾಯಿತು ಎಂದು ಯಾರೂ ಹೇಳಲಾರರು.

ಶ್ಯಾಕಲ್‌ನಲ್ಲಿ ಪಿನ್ ಬದಲು ಅಂಗಡಿಯ ಬೋಲ್ಟ್ ಹಾಕಿದ್ದರೆ, ಟಿಎಂಟಿ ಕಂಬಿ ಬಗ್ಗಿಸಿ ವೆಲ್ಡ್ ಮಾಡಿದ ಹುಕ್ ಇದ್ದರೆ ಪರೀಕ್ಷೆಯ ದಿನ ಅಡಗಿಸಿಡುವುದಲ್ಲ, ಅದಕ್ಕಿಂತ ಮುಂಚೆಯೇ ಕತ್ತರಿಸಿ ಹಾಕಿ. ಐ ಬೋಲ್ಟ್‌ಗಳನ್ನು ಓರೆಯಾಗಿ ಎಳೆದರೆ, ಅವುಗಳ ಸಾಮರ್ಥ್ಯ ತುಂಬಾ ಕೆಳಗಿಳಿಯುತ್ತದೆ.

ಸ್ಟೋರ್ ಗೋಡೆಗೆ ಒಂದು ಕೋಷ್ಟಕ ಹಾಕಿ: ಎರಡು ಕಾಲಿನ ಸ್ಲಿಂಗ್‌ನಲ್ಲಿ 2 ಟನ್ ಎತ್ತುವಾಗ ಕಾಲು ಅಡ್ಡಗೆರೆಯಿಂದ 60 ಡಿಗ್ರಿಯಲ್ಲಿದ್ದರೆ ಒಂದೊಂದಕ್ಕೆ 1.15 ಟನ್, 45ರಲ್ಲಿ 1.41, 30ರಲ್ಲಿ 2 ಟನ್. ಹೆಲ್ಪರ್‌ಗಳಿಗೆ ಇದು ಗೊತ್ತಿಲ್ಲದೆ ಗಿಡ್ಡ ಸ್ಲಿಂಗ್ ಹಾಕಿ ಎತ್ತುವುದರಿಂದಲೇ ಒಳ್ಳೆಯ ಸ್ಲಿಂಗ್‌ಗಳೂ ಹಾಳಾಗುತ್ತವೆ.

ಚೈನ್ ಬ್ಲಾಕ್‌ಗೆ ಲೋಡ್ ಚೈನ್‌ನ 11 ಕೊಂಡಿಗಳ ಒಟ್ಟು ಉದ್ದ ಅಳೆದು ಹೊಸದರ ಜೊತೆ ಹೋಲಿಸಿ. ಹಿಗ್ಗುವಿಕೆಗೆ ತಯಾರಕರು ಕೊಡುವ ಮಿತಿ ಸಾಮಾನ್ಯವಾಗಿ 2ರಿಂದ 3%. ಕೊಂಡಿಗಳು ಒಂದಕ್ಕೊಂದು ತಾಗುವ ಒಳಭಾಗ ಸವೆದದ್ದು ಚೈನ್ ಬಿಗಿ ಇರುವಾಗ ಕಾಣುವುದಿಲ್ಲ, ಸಡಿಲ ಬಿಟ್ಟು ತಿರುಗಿಸಿ ನೋಡಿ.

ವಸಂತನರಸಾಪುರ_ಫ್ಯಾಬ್

ಎಲ್ಲರಿಗೂ ತುಂಬಾ ಧನ್ಯವಾದ. ಹುಕ್ ಟೆಸ್ಟ್ ಸರ್ಟಿಫಿಕೇಟ್ ಸಿಕ್ಕಿತು, ಮೂಲ ಬಾಯಿ 50 ಮಿ.ಮೀ. ಅಂದರೆ 8% ಆಗಿದೆ. ರೋಪ್ ಹಾಕಿದಾಗಿನ ಎಂಟ್ರಿಯಲ್ಲಿ 12.3 ಎಂದೇ ಇದೆ, ಸ್ಟೀಲ್ ಕೋರ್. ಸ್ಥಾಪನೆಯ ಲೋಡ್ ಟೆಸ್ಟ್ ದಾಖಲೆಯೂ ಇದೆ. ಗೂಡ್ಸ್ ಲಿಫ್ಟ್‌ನ ಹಳೆಯ ಪರೀಕ್ಷೆ 6 ತಿಂಗಳು ದಾಟಿದೆ, ಇವತ್ತು ಬೀಗ ಹಾಕಿಸಿದ್ದೇವೆ. ಲಿಫ್ಟ್‌ಗೆ ಮತ್ತು ಫೋರ್ಕ್‌ಲಿಫ್ಟ್‌ಗೆ ವಿಶೇಷವಾಗಿ ಏನು ನೋಡುತ್ತಾರೆ?

ಕ್ರೇನ್_ಮೆಕ್ಯಾನಿಕಲ್

ಹಾಗಾದರೆ ರೋಪ್ ಫೇಲ್, ಚರ್ಚೆಯೇ ಬೇಡ. ಹುಕ್ 10%ಗೆ ಇನ್ನೂ 1 ಮಿ.ಮೀ. ದೂರವಿದೆ, ಕಾಗದದ ಮೇಲೆ ಪಾಸ್ ಆಗಬಹುದು. ಆದರೆ ಸವೆತದಿಂದ ಬಾಯಿ ಅಗಲವಾಗುವುದಿಲ್ಲ, ಲೋಹ ಬಾಗಿದರೆ ಮಾತ್ರ ಆಗುತ್ತದೆ. ಬ್ಲಾಕ್ ಹೇಗೂ ಕೆಳಗಿಳಿಯುತ್ತದೆ, ರೋಪ್ ಜೊತೆಗೇ ಹುಕ್ಕೂ ಬದಲಿಸಿ. ಹೊಸ ಹುಕ್ಕಿನ ಟೆಸ್ಟ್ ಸರ್ಟಿಫಿಕೇಟ್, ಥ್ರಸ್ಟ್ ಬೇರಿಂಗ್, ಲಾಕ್ ಪ್ಲೇಟ್ ಒಟ್ಟಿಗೆ ತರಿಸಿ. ಪುಲ್ಲಿಯ ಗ್ರೂವ್‌ಗೆ ಗೇಜ್ ಹಿಡಿದು ನೋಡಿ. ಹಳೆಯ ಸಣ್ಣಗಾದ ರೋಪ್‌ನ ಅಚ್ಚು ಗ್ರೂವ್‌ನಲ್ಲಿ ಬಿದ್ದಿದ್ದರೆ ಹೊಸ ರೋಪ್ ಅದರಲ್ಲಿ ಸಿಕ್ಕಿ ಬೇಗ ಹಾಳಾಗುತ್ತದೆ.

ಸೇಫ್ಟಿ_ಹಿರೇಹಳ್ಳಿ

ಗೂಡ್ಸ್ ಲಿಫ್ಟ್‌ನಲ್ಲಿ ಮೊದಲು ನೋಡುವುದು ಗೇಟ್ ಇಂಟರ್‌ಲಾಕ್. ಕೇಜ್ ಆ ಅಂತಸ್ತಿನಲ್ಲಿ ಇಲ್ಲದಿದ್ದಾಗ ಗೇಟ್ ತೆರೆಯಬಾರದು, ಗೇಟ್ ಮುಚ್ಚದೆ ಕೇಜ್ ಚಲಿಸಬಾರದು. ಇಂಟರ್‌ಲಾಕ್ ಸ್ವಿಚ್‌ಗೆ ತಂತಿ ಸುತ್ತಿ ಅಥವಾ ಆಯಸ್ಕಾಂತ ಅಂಟಿಸಿ ಮೋಸ ಮಾಡಿದ್ದರೆ ಅಲ್ಲೇ ತಿರಸ್ಕಾರ. ಕೇಜ್ ಒಳಗೂ ಪ್ರತಿ ಗೇಟಿನ ಮೇಲೂ "1000 ಕೆ.ಜಿ., ಜನ ಹತ್ತಬಾರದು" ಎಂದು ಕನ್ನಡದಲ್ಲೂ, ನಿಮ್ಮ ಕಾರ್ಮಿಕರು ಓದುವ ಭಾಷೆಯಲ್ಲೂ ದೊಡ್ಡದಾಗಿ ಬರೆಸಿ. ಕಂಟ್ರೋಲ್ ಬಟನ್ ಕೇಜ್ ಒಳಗೆ ಇದ್ದರೆ ಹೊರಗೆ ಸ್ಥಳಾಂತರಿಸಿ, ಒಳಗೆ ಬಟನ್ ಇದ್ದಷ್ಟು ದಿನ ಜನ ಹತ್ತುತ್ತಾರೆ. ಮೇಲೆ ಕೆಳಗೆ ಓವರ್‌ರನ್ ಲಿಮಿಟ್, ಪಿಟ್‌ನಲ್ಲಿ ಬಫರ್, ಗೈಡ್ ಶೂ ಸವೆತ ನೋಡಿಕೊಳ್ಳಿ. ಪಿಟ್‌ನಲ್ಲಿ ಬಿದ್ದ ಗುಜರಿ ಸಾಮಾನು ತೆಗೆಸಿ ಗುಡಿಸಿಡಿ, ಕಸದ ಮೇಲೆ ನಿಂತು ಯಾರೂ ಪರೀಕ್ಷೆ ಮಾಡಲಾಗುವುದಿಲ್ಲ.

ರಿಗ್ಗಿಂಗ್_ಮಾಲೂರು

ಫೋರ್ಕ್‌ಲಿಫ್ಟ್: ಫೋರ್ಕ್ ಮಡಿಚುವ ಮೂಲೆಯ ಹತ್ತಿರ ದಪ್ಪ 10% ಸವೆದರೆ ತೆಗೆಯಬೇಕು, 40 ಮಿ.ಮೀ. ಇದ್ದದ್ದು 36ಕ್ಕೆ ಬಂದರೆ ಮುಗಿಯಿತು. ಮೂಲ ದಪ್ಪ ಗೊತ್ತಿಲ್ಲದಿದ್ದರೆ ಸವೆಯದ ಜಾಗದಲ್ಲಿ, ಅಂದರೆ ನೇರ ನಿಂತ ಭಾಗದಲ್ಲಿ ಅಳೆಯಿರಿ. ಎರಡು ಫೋರ್ಕ್‌ಗಳ ತುದಿಯ ಎತ್ತರದ ವ್ಯತ್ಯಾಸ ಬ್ಲೇಡ್ ಉದ್ದದ 3% ದಾಟಬಾರದು. ಮಾಸ್ಟ್ ಚೈನ್‌ಗೆ 20 ಪಿಚ್ (ಪಕ್ಕಪಕ್ಕದ ಪಿನ್‌ಗಳ ನಡುವಿನ ಅಂತರ) ಅಳತೆ ತೆಗೆಯಿರಿ. 19.05 ಮಿ.ಮೀ. ಪಿಚ್ ಚೈನ್ ಹೊಸದಿದ್ದಾಗ 381 ಮಿ.ಮೀ. ಬರುತ್ತದೆ, 392 ದಾಟಿದರೆ 3% ಹಿಗ್ಗಿದೆ, ಎರಡೂ ಚೈನ್ ಒಟ್ಟಿಗೆ ಬದಲಿಸಿ. ಒಂದನ್ನೇ ಬದಲಿಸಿದರೆ ಕ್ಯಾರೇಜ್ ವಾಲುತ್ತದೆ. ಕೆಪಾಸಿಟಿ ಪ್ಲೇಟ್ ಓದುವಂತಿರಲಿ, ಸೈಡ್ ಶಿಫ್ಟರ್‌ನಂಥ ಅಟ್ಯಾಚ್‌ಮೆಂಟ್ ಹಾಕಿದ್ದರೆ ಅದನ್ನು ಸೇರಿಸಿ ಕಡಿಮೆಯಾದ ಸಾಮರ್ಥ್ಯದ ಪ್ಲೇಟ್ ಬೇರೆ ಬೇಕು.

ಪರೀಕ್ಷೆಗೆ ಬರುವವರಿಗೆ ರೋಪ್, ಹುಕ್ ಬದಲಿಸುವ ವಿಷಯ ಈಗಲೇ ತಿಳಿಸಿ ದಿನಾಂಕ ಪಡೆಯಿರಿ. ಸಾಮಾನು ಬಂದು ಕೂರಿಸಿ, ಖಾಲಿ ಓಡಿಸಿ ನೋಡಿದ ಮರುದಿನಕ್ಕೆ ಇಟ್ಟುಕೊಂಡರೆ 6.25 ಟನ್ ಬಂಡಲ್ ಮುಂಚಿನ ದಿನವೇ ತೂಗಿಸಿಡಬಹುದು.